ಮಡಚುವ ಕಾಲಿನ ಮೋಹ

ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡದೆ ಕುರ್ಚಿ ಎಲ್ಲಿದೆಯೆಂದು ಹುಡುಕುವುದು ನನ್ನ ಕೆಟ್ಟ ಅಭ್ಯಾಸ. ನನ್ನ ಬಲಪಾದದ ಕೀಲು ಮಡಚುವುದಿಲ್ಲ. ಡಾಕ್ಟರು ಮೂಳೆಗೆ ಮೂಳೆ ಬೆಸೆದು ಅದನ್ನು ಕಾಯಮ್ಮಾಗಿ ನಿಲ್ಲಿಸಿದ್ದಾರೆ. ಬೆಸೆದದ್ದಕ್ಕೆ ನನಗೇನೂ ದುಃಖವಿಲ್ಲ. ಒಂಬತ್ತು ವರ್ಷ ತಡ ಮಾಡಿದೆನಲ್ಲ, ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಾಲು ಕೆಟ್ಟದ್ದು ಎಪ್ಪತ್ತರ ದಶಕದಲ್ಲಿ, ಮದುವೆಯಾದ ಹೊಸತರಲ್ಲಿ. ನಾನಾಗ ತರೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಗಿರಿಜೆಯ ತವರು ಶಿವನಿ. ಮೊದಲ ದೀಪಾವಳಿಗೆ ಅಳಿಯನ ಗತ್ತಿನಲ್ಲಿ ರೈಲು ಹತ್ತಿದೆ. ಶಿವನಿ ಸ್ಟೇಷನ್ನಿನಲ್ಲಿ ಮಾವನವರು ನಿಂತದ್ದು ಕಂಡಿತು. ಗಾಡಿ ನಿಲ್ಲುವವರೆಗೆ ಕಾಯುವುದು ಮುದುಕರ ಲಕ್ಷಣವೆನಿಸಿ, ಹೊಸ ಪಂಚೆ ಎತ್ತಿಕಟ್ಟಿ ಧುಮುಕಿದೆ. ಜಲ್ಲಿಯ ಮೇಲೆ ಪಾದ ಹೊರಳಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ನಗುತ್ತಲೇ ಎದ್ದೆ. ಬರೀ ಉಳುಕು ಎಂದು ನಾನೇ ತೀರ್ಪು ಕೊಟ್ಟು, ಹರಳೆಣ್ಣೆ ತಿಕ್ಕಿಸಿಕೊಂಡು ಹಬ್ಬ ಮುಗಿಸಿದೆ. ಮುರಿದಿತ್ತೆಂದು ತಿಳಿಯುವ ಹೊತ್ತಿಗೆ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು.

ಅದಕ್ಕೂ ಮುಂಚೆ ಗಿರಿಜೆಗೊಂದು ಮಾತು ಕೊಟ್ಟಿದ್ದೆ. ತರೀಕೆರೆಯಿಂದ ಕಾಣುವ ಬೆಟ್ಟಸಾಲು ತೋರಿಸಿ, "ಅದರಾಚೆ ಹೆಬ್ಬೆ ಜಲಪಾತ ಅದೆ ಕಣೇ, ಕೆಮ್ಮಣ್ಣುಗುಂಡಿಯಿಂದ ನಡ್ಕೊಂಡೇ ಇಳಿಯೋಣ" ಎಂದಿದ್ದೆ. ಅವಳು ಬಯಲಿನ ಹುಡುಗಿ. ಕೆರೆ ಕೋಡಿ ಬಿದ್ದಾಗ ಸುರಿಯುವ ನೀರೇ ಅವಳು ಕಂಡಿದ್ದ ಜಲಪಾತ. ಆ ದಿನದಿಂದ ಬಟ್ಟೆ ಒಣಹಾಕುವಾಗಲೆಲ್ಲ ಬೆಟ್ಟದ ಕಡೆ ನೋಡುವಳು.

ಮೂರು ವರ್ಷ ಕುಂಟಿದ ಮೇಲೆ ಶಿವಮೊಗ್ಗದ ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಕೀಲು ಸವೆದಿದೆ. ಬೆಸೆದ್ರೆ ನೋವು ಹೋಗುತ್ತೆ, ಚೆನ್ನಾಗಿ ನಡೀಬಹುದು. ಆದ್ರೆ ಪಾದ ಮಡಚಲ್ಲ, ನೆಲದ ಮೇಲೆ ಕೂರೋದು ಕಷ್ಟ. ಮನೇಲಿ ಕೇಳ್ಕೊಂಡು ಬನ್ನಿ" ಎಂದರು.

ನಾನು ಮನೆಯೊಂದನ್ನು ಬಿಟ್ಟು ಊರನ್ನೆಲ್ಲ ಕೇಳಿದೆ. ಕಚೇರಿಯ ಶಿರಸ್ತೇದಾರರನ್ನು ಕೇಳಿದೆ, ಕ್ಷೌರದವನನ್ನು ಕೇಳಿದೆ, ಕಡೂರಿನ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನನ್ನೂ ಬಿಡಲಿಲ್ಲ. ಕೊನೆಗೆ ಯಗಟಿಯ ಸೋದರಮಾವನ ಹತ್ತಿರ ಹೋದೆ. ಆತ ತೆಂಗಿನಮರದಡಿ ಕುಕ್ಕರಗಾಲಲ್ಲಿ ಕೂತು, "ಲೇ, ನಾಳೆ ಪಂಕ್ತೀಲಿ ಕಾಲು ನೀಡ್ಕೊಂಡು ಕೂರ್ತೀಯೇನೋ? ಬಡಿಸೋನು ಎಡವಿದ್ರೆ ಸಾರೆಲ್ಲ ನಿನ್ ತಲೆ ಮೇಲೆ ಕಣೋ!" ಎಂದು ನಕ್ಕ.

ಆ ಒಂದು ಮಾತಿಗೆ ನನ್ನ ಜಂಘಾಬಲವೇ ಉಡುಗಿತು. ನೀವೇ ಯೋಚಿಸಿ: ನಮ್ಮ ಊಟ, ಪೂಜೆ, ಪಂಚಾಯಿತಿ, ಅಕ್ಷರಾಭ್ಯಾಸ ಎಲ್ಲ ನಡೆದದ್ದು ನೆಲದ ಮೇಲೆ. ಋಷಿಗಳು ಇಷ್ಟೊಂದು ಆಸನಗಳನ್ನು ಹೇಳಿದರು, ಕುರ್ಚಿಗೆ ಕಾಲು ಇಳಿಬಿಡುವುದನ್ನು ಯಾರೂ ಅದರಲ್ಲಿ ಸೇರಿಸಿದಂತಿಲ್ಲ. ನಮ್ಮ ಕಡೆ ಕುರ್ಚಿ ಇದ್ದದ್ದು ಅಮಲ್ದಾರರಿಗೆ ಮತ್ತು ಕ್ಷೌರಕ್ಕೆ. ಅದಲ್ಲದೆ ನಾನು ಪಂಕ್ತಿಯ ಪಂಡಿತ. ಯಾವ ಎಲೆಗೆ ಪಾಯಸ ಬಿಸಿಯಾಗಿ ಬರುತ್ತದೆ, ಯಾವ ಮೂಲೆಗೆ ಹೋಳಿಗೆ ಎರಡು ಸಲ ತಿರುಗುತ್ತದೆ ಎಂಬುದು ನನಗೆ ಕರತಲಾಮಲಕ. ಅಂಥ ವಿದ್ಯೆ ಒಂದು ಕೀಲಿನಿಂದ ಹಾಳಾಗಬೇಕೇ? ಬೇಡವೆಂದು ಡಾಕ್ಟರಿಗೆ ಕಾಗದ ಬರೆದೆ.

ಮುಂದಿನ ಒಂಬತ್ತು ವರ್ಷ ಹಲ್ಲು ಕಚ್ಚಿ ನೆಲದ ಮೇಲೆ ಕೂತೆ. ಏಳುವಾಗ ಪಕ್ಕದವರ ಹೆಗಲು ಬೇಕು. ನಡೆದರಂತೂ ಸಂತೆಗೆ ಹೋಗುವ ದಾರಿಯ ಒಂದೊಂದು ಮೋರಿಕಟ್ಟೆಯೂ ನನ್ನ ಸ್ಟೇಷನ್ನು. ಗಿರಿಜೆ ಹತ್ತು ಹೆಜ್ಜೆ ಮುಂದೆ ಹೋಗಿ, ನೆನಪಾಗಿ ನಿಂತು, ಚೀಲ ಕೈ ಬದಲಿಸಿಕೊಂಡು ಕಾಯುವಳು. ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ನನಗೆ ಬುದ್ಧಿ ಬರುತ್ತಿತ್ತೇನೋ.

ಕೊನೆಗೆ ನೋವು ತಡೆಯಲಾರದೆ ಆಪರೇಷನ್ ಮಾಡಿಸಿಕೊಂಡೆ. ಪ್ಲಾಸ್ಟರ್ ಬಿಚ್ಚಿ ಕೆಲವು ತಿಂಗಳಿಗೆ ಕಡೂರಿನಲ್ಲೊಂದು ಮದುವೆ. ಊಟದ ಮನೆಗೆ ಹೋಗಿ ಕುರ್ಚಿ ಕೇಳುವುದು ಹೇಗೆಂದು ಬೆವರುತ್ತ ಒಳಗೆ ಕಾಲಿಟ್ಟರೆ, ಉದ್ದಕ್ಕೂ ಮೇಜು, ಮೇಜಿನ ಮೇಲೆ ಎಲೆ! ಮೊದಲನೇ ಕುರ್ಚಿಯಲ್ಲೇ ಯಗಟಿಯ ಮಾವ. "ಬಾರಪ್ಪಾ, ಇಲ್ ಕೂರು. ಇದೇ ಸುಖ ಕಣೋ, ಮಂಡಿ ಬಗ್ಗಿಸೋ ಹಂಗಿಲ್ಲ" ಎಂದ. ಆ ದಿನ ಪಾಯಸ ಬಿಸಿಯಾಗಿಯೇ ಇತ್ತು, ನಾನು ಎಲೆಯಲ್ಲೇ ಬಿಟ್ಟು ಎದ್ದೆ.

ಮರುವಾರವೇ ಗಿರಿಜೆಯನ್ನು ಕೆಮ್ಮಣ್ಣುಗುಂಡಿಗೆ ಕರೆದೊಯ್ದೆ. ಹೆಬ್ಬೆಗೆ ಇಳಿಯುವ ಹಾದಿ ಶುರುವಾಗುವಲ್ಲಿ ಅವಳು ಕಲ್ಲೊಂದರ ಮೇಲೆ ಕೂತುಬಿಟ್ಟಳು. ನಲವತ್ತು ತುಂಬುವ ಮೊದಲೇ ಅವಳ ಮಂಡಿಗಳು ಹೋಗಿದ್ದವು; ನನ್ನ ಕಾಲಿನ ಗಲಾಟೆಯಲ್ಲಿ ನಾನದನ್ನು ಗಮನಿಸಿರಲಿಲ್ಲ.

"ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ. ಕಾಯೋದು ನಂಗೆ ರೂಢಿ ಐತೆ" ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ.

ನಾನೂ ಪಕ್ಕದಲ್ಲಿ ಕೂತೆ. "ಅವತ್ತೇ ನಿನ್ನ ಕೇಳಿದ್ರೆ ಏನಂತಿದ್ದೆ?" ಎಂದೆ.

"ಮಾಡಿಸ್ಕೊಳ್ರೀ ಅಂತಿದ್ದೆ. ನೀವು ಚಕ್ಕಳಮಕ್ಕಳ ಹಾಕ್ಕೊಂಡು ಕೂರೋದು ನೋಡ್ತಾ ಇರೋಕೆ ನಾನು ಮದುವೆ ಆದ್ನಾ? ಜೊತೇಲಿ ನಡೆಯೋರು ಬೇಕಿತ್ತು."

ಜಲಪಾತದ ಸದ್ದು ಅಲ್ಲಿಗೆ ಕೇಳುವುದಿಲ್ಲ. ತಂದಿದ್ದ ಬುತ್ತಿ ಬಿಚ್ಚಿ ತಿಂದು ಬಸ್ಸು ಹತ್ತಿದೆವು.

ಇಷ್ಟು ವರ್ಷಗಳಾದ ಮೇಲೆ, ಮೊನ್ನೆ ಅವಳ ಮಂಡಿ ನೋಡಿದ ಡಾಕ್ಟರು ಕೀಲಿಗೇ ಇಂಜೆಕ್ಷನ್ ಕೊಡಬೇಕು, ಗುಣವಾದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂದರು. ಯೋಚನೆ ಮಾಡಿ, ನಾಲ್ಕು ಜನರನ್ನು ಕೇಳಿ ಹೇಳಿ ಎಂದೂ ಸೇರಿಸಿದರು. ಗಿರಿಜೆ ಅಲ್ಲೇ ನನ್ನ ಕಡೆ ತಿರುಗಿ, "ಏನಂತೀರಿ?" ಎಂದಳು. ಬೇರೆ ಯಾರನ್ನೂ ಕೇಳಲಿಲ್ಲ.