ಖಾಕಿ ಅಂಗಿ ಕೈ ಎತ್ತಿದಾಗ

ಮಹಾಜನರೇ, ಇಂದು ಮುಂಜಾನೆ ನಾನು ಎರಡು ನಿಮಿಷ ಸಾಹೇಬನಾಗಿದ್ದೆ.

ಕಳಸಾಪುರದ ಹತ್ತಿರ ನನ್ನ ಆಟೋ ಕೆಟ್ಟು ನಿಂತಿತು. ಹಿಂದೆ ಕೂತಿದ್ದ ಶಮೀಮಕ್ಕನಿಗೆ ಗದಗಿನ ಹೊಲಿಗೆ ಕಾರ್ಖಾನೆಯಲ್ಲಿ ಮೊದಲ ದಿನ. ತಡವಾದರೆ ಕೆಲಸ ಬೇರೆಯವರ ಪಾಲು. ಅಷ್ಟರಲ್ಲಿ ಅಲ್ಲಿ ಎಂದೂ ನಿಲ್ಲದ ಎಕ್ಸ್‌ಪ್ರೆಸ್ ಬಸ್ಸು ಬಂತು. ಆಟೋದವರ ಖಾಕಿ ಅಂಗಿಯಲ್ಲಿದ್ದ ನಾನು ಪರಮ ಗಂಭೀರವಾಗಿ ಕೈ ಎತ್ತಿದೆ. ಬಸ್ಸು ನಿಂತೇಬಿಟ್ಟಿತು!

ಡ್ರೈವರ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ನಮಸ್ಕಾರ್ರೀ ಸಾಹೇಬ್ರ" ಎಂದ.

"ಈ ಅಕ್ಕಾರನ್ನ ಜಲ್ದಿ ಗದಗ ಮುಟ್ಟಸ್ರಿ."

ಅಕ್ಕ ಹತ್ತಿದ ಮೇಲೆ ಅವನಿಗೆ ಆಟೋ ಕಂಡಿತು. "ಲೇ, ಆಟೋದಾಂವೇನಲೇ ನೀ?"

"ಹೌದ್ರಿ. ಪೊಲೀಸ ಅಂತ ನಾ ಎಲ್ಲಿ ಅಂದೆ?"

ಅವನು ಬಿದ್ದು ಬಿದ್ದು ನಕ್ಕ. "ಯಕ್ಕಾ, ನಾಳಿಂದ ನೀವ ಕೈ ಮಾಡ್ರಿ, ನಿಲ್ಲಸ್ತೀನಿ."

ದಿನಾ ಸಿಗಬೇಕಿದ್ದ ಗಿರಾಕಿಯನ್ನು ನಾನೇ ಬಸ್ಸು ಹತ್ತಿಸಿ, ಟಾಟಾ ಕೂಡ ಮಾಡಿದೆ.