ಜಿನ್ನಿನ ಗೋಡೆ

ನನ್ನ ಟೆನಿಸ್ ಜೀವನ ಒಂದೇ ಪಂದ್ಯದ್ದು. ಅದರ ತಯಾರಿ ಮಾತ್ರ ವರ್ಷಗಟ್ಟಲೆ ನಡೆದಿತ್ತು.

ಅಪ್ಪ ನರಗುಂದದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ವ್ಯವಸ್ಥಾಪಕರು. ವರ್ಗವಾಗಿ ಹೊರಟ ಅಧಿಕಾರಿಯೊಬ್ಬರು ಬಿಟ್ಟುಹೋದ ರ‍್ಯಾಕೆಟ್ ನನ್ನ ಪಾಲಿಗೆ ಬಂತು. ಆಡಲು ಜೊತೆ ಯಾರಿದ್ದರು? ಅದು ಐವತ್ತರ ದಶಕ. ನನ್ನ ವಾರಿಗೆಯ ಹುಡುಗಿಯರ ಕಂಕುಳಲ್ಲಿ ಆಗಲೇ ಕೂಸಿತ್ತು. ರೋಣದ ಕ್ಲಬ್ಬಿನಲ್ಲಿ ಆಟದ ಅಂಗಳವಿತ್ತು, ಆಡುವ ಸಾಹೇಬರೂ ಇದ್ದರು. ಅಪ್ಪ ಕೇಳಿದಾಗ ಒಬ್ಬರು ನಕ್ಕು, "ಹುಡುಗಿ ಕೈಯಾಗ ಸೋತ್ರ ಮಾರಿ ಹ್ಯಾಂಗ ತೋರಸೋದ್ರಿ?" ಎಂದರಂತೆ. ಕಡೆಗೆ ನನಗೆ ದಕ್ಕಿದ್ದು ಜಿನ್ನಿನ ಹಿಂದಿನ ಕಲ್ಲುಗೋಡೆ. ಹತ್ತಿ ಸುಗ್ಗಿ ಮುಗಿದು ಯಂತ್ರ ನಿಂತ ಮೇಲೆ ಅಲ್ಲಿ ನನ್ನ ಚೆಂಡಿನ ಸದ್ದೊಂದೇ. ಗೋಡೆಗೆ ಬೈಯುತ್ತಿದ್ದೆ, ಒಮ್ಮೊಮ್ಮೆ ಶಹಬ್ಬಾಸ್ ಎನ್ನುತ್ತಿದ್ದೆ. ಮಾತಾಡಲು ಬೇರೆ ಯಾರೂ ಇರಲಿಲ್ಲ.

ಧಾರವಾಡದಲ್ಲಿ ಹುಡುಗಿಯರ ಪಂದ್ಯವಿದೆ ಎಂದು ತಿಳಿದಾಗ ಅಪ್ಪ ಮಾತು ಕೊಟ್ಟರು: "ಒಂದ ಮ್ಯಾಚ್ ಗೆದ್ದು ಬಾ, ಅಲ್ಲೇ ಕಾಲೇಜಿಗೆ ಹಾಕ್ತೀನಿ. ಸೋತ್ರ ಗಜೇಂದ್ರಗಡದವರಿಗೆ ಹೂಂ ಅಂತೀನಿ." ಗಜೇಂದ್ರಗಡದವರೆಂದರೆ ನನ್ನನ್ನು ಕೇಳಿಕೊಂಡು ಬಂದಿದ್ದ ಅರಿವೆ ಅಂಗಡಿಯವರು.

ಪಂದ್ಯದಲ್ಲಿ ಮೊದಲ ಸರ್ವ್ ನನ್ನದು. ಆ ಗೇಮನ್ನು ಸಲೀಸಾಗಿ ಗೆದ್ದೆ. ಆಮೇಲೆ ಆ ಕಡೆಯ ಹುಡುಗಿ ಚೆಂಡನ್ನು ಮೇಲೆ ತೂರಿ ಹೊಡೆದಳು. ನಾನು ಸುಮ್ಮನೆ ನಿಂತೇ ಇದ್ದೆ. ಗೋಡೆ ಕೊಟ್ಟದ್ದನ್ನು ತಿರುಗಿ ಕೊಡುತ್ತದೆ, ತಾನಾಗಿ ಎಂದೂ ಸರ್ವ್ ಮಾಡುವುದಿಲ್ಲ. ಅಂಥ ಚೆಂಡು ಅಲ್ಲಿಯವರೆಗೆ ನನ್ನತ್ತ ಬಂದೇ ಇರಲಿಲ್ಲ. ಗಾಬರಿಯಲ್ಲಿ ನನ್ನ ಸರ್ವೂ ಕೈಕೊಟ್ಟಿತು.

ಗೆದ್ದವಳು ನನ್ನ ಕೈ ಹಿಡಿದು ಕೇಳಿದಳು: "ಊರಾಗ ಯಾರ ಜೋಡಿ ಆಡ್ತೀ?"

"ಗೋಡಿ ಜೋಡಿ," ಎಂದೆ.

ಚೇಷ್ಟೆ ಎಂದುಕೊಂಡು ನಕ್ಕಳು. ನನಗೆ ಅಳು ಬಂತು. ಸೋಲಿನ ಅಳು ಆಮೇಲಿನದು. ಆಗ ಅತ್ತದ್ದು, ಇನ್ನೊಂದು ಜೀವ ನನ್ನತ್ತ ಚೆಂಡು ಹೊಡೆದದ್ದು ಅದೇ ಮೊದಲು, ಅದೂ ಮುಗಿಯಿತಲ್ಲ ಎಂದು.

ಮನೆಯಲ್ಲಿ ಕಾರಣ ಹೇಳಹೋದರೆ ಸೋದರತ್ತೆ, "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ," ಎಂದರು. ಅಪ್ಪ ಆಡಿದ ಮಾತಿಗೆ ತಪ್ಪಲಿಲ್ಲ.

ಗಜೇಂದ್ರಗಡದಲ್ಲಿ ನನ್ನನ್ನು ಮನೆ ತುಂಬಿಸಿಕೊಂಡ ದಿನ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಬಾಗಿಲ ಸಂದಿಯಿಂದ ಹಿತ್ತಲು ನೋಡಿದೆ. ಎತ್ತರದ ಕಲ್ಲುಗೋಡೆ! ಹೋದ ಜೀವ ಬಂದಂತಾಯಿತು. ಸಂಜೆ ನೀರು ತರುವ ನೆಪದಲ್ಲಿ ಹತ್ತಿರ ಹೋದೆ. ಗೋಡೆಯ ತುಂಬ ಸೆಗಣಿಯ ಕುಳ್ಳು ಬಡಿದಿದ್ದರು. ಒಂದು ಚೆಂಡಿನಷ್ಟು ಜಾಗವೂ ಖಾಲಿ ಇರಲಿಲ್ಲ.