ಹಿಮಕ್ಕೊಂದು ಕ್ಯಾಮೆರಾ

ಚಳಿಗಾಲದ ರಜೆಗೆ ಜಾರ್ಜಿಯಾಕ್ಕೆ ಹೋಗಿ ಮಗಳಿಗೆ ಹಿಮದ ಮೇಲೆ ಜಾರುವ ಸ್ಕೀ ಕಲಿಸುವುದೆಂದು ನಿಶ್ಚಯವಾದ ಮೇಲೆ, ಅದನ್ನು ಚಿತ್ರೀಕರಿಸಲು ಒಳ್ಳೆಯ ಕ್ಯಾಮೆರಾ ಬೇಕೆಂದು ನನ್ನ ಗಂಡ ನಮ್ಮಿಬ್ಬರನ್ನೂ ಕುವೈತಿನ ಹವಲ್ಲಿಯ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದರು. ಅವರು ಅಹ್ಮದಿಯಲ್ಲಿ ಎಂಜಿನಿಯರ್. ಏನನ್ನಾದರೂ ಕೊಳ್ಳುವ ಮೊದಲು ವಾರಗಟ್ಟಲೆ ಓದಿ, ಹೋಲಿಸಿ, ಊಟಕ್ಕೆ ಕೂತಾಗಲೂ ಅದನ್ನೇ ಮಾತಾಡುವ ಸ್ವಭಾವ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಬೆಳ್ಳಗಿನ ಹಿಮದ ಎದುರು ಮುಖಗಳು ಕಪ್ಪಾಗಿ ಬರುತ್ತವೆ, ಕೈಗವಸು ತೊಟ್ಟರೆ ಸಣ್ಣ ಬಟನ್ ಒತ್ತಲಾಗುವುದಿಲ್ಲ ಎಂಬುದೆಲ್ಲ ಅಷ್ಟರಲ್ಲಿ ನನಗೂ ಬಾಯಿಪಾಠವಾಗಿತ್ತು. ನಾವು ಮೂವರೂ ಅದುವರೆಗೆ ಹಿಮವನ್ನೇ ಕಂಡಿರಲಿಲ್ಲ.

ಅಂಗಡಿಯವನು ಉಡುಪಿ ಕಡೆಯವನು. ನಮ್ಮ ಕನ್ನಡ ಕೇಳಿ ಖುಷಿಯಾಗಿ ಒಂದೊಂದೇ ಡಬ್ಬಿ ಬಿಚ್ಚಿ ತೋರಿಸಿದ. ಗಂಡ ಕೈಗವಸು ಹಾಕಿಕೊಂಡೇ ಎಲ್ಲವನ್ನೂ ಒತ್ತಿ ನೋಡಿದರು. ಕೊನೆಗೆ ಎರಡು ಉಳಿದವು. ಒಂದು, ದೂರದ್ದನ್ನು ಹತ್ತಿರ ತೋರಿಸುವ ಝೂಮ್ ಇದ್ದದ್ದು. ಇನ್ನೊಂದು, ಬೆಂಕಿಪೊಟ್ಟಣದಷ್ಟಿದ್ದು ಕೋಲಿನ ತುದಿಗೆ ಸಿಕ್ಕಿಸುವಂಥದ್ದು.

"ನಾವು ಕೆಳಗಡೆ ನಿಂತೇ ತೆಗೀಬಹುದಲ್ವಾ? ಝೂಮ್ ಇರೋದೇ ತಗೊಳ್ಳಿ," ಅಂದೆ.

"ಪಕ್ಕದಲ್ಲೇ ಓಡ್ತಾ ತೆಗೆದ್ರೇನೇ ಮಜಾ ಕಣೇ. ಆದ್ರೆ ಅಲ್ಲಾಡುತ್ತೇನೋ."

"ಇದು ಅಲ್ಲಾಡೂದೇ ಇಲ್ಲ ಸರ್. ತೋರಿಸ್ತೇನೆ, ನೋಡಿ," ಎಂದು ಅಂಗಡಿಯವನು ಟಿವಿಯಲ್ಲಿ ಒಂದು ವಿಡಿಯೊ ಹಾಕಿದ.

ಯುವಕನೊಬ್ಬ ಇಳಿಜಾರಿನಲ್ಲಿ ಜಾರಿ ಬರುತ್ತಿದ್ದ. ಹಿಂದಿನಿಂದ ಇನ್ಯಾರೋ ತೆಗೆಯುತ್ತಿದ್ದರು. ಇದ್ದಕ್ಕಿದ್ದಂತೆ ಅವನು ಮುಗ್ಗರಿಸಿದ. ಕಾಲಿನ ಸ್ಕೀ ಪಟ್ಟಿ ಹಿಮದಲ್ಲಿ ಸಿಕ್ಕಿಕೊಂಡು, ಮೈ ಒಂದು ಕಡೆ ಹೊರಳಿತು, ಮೊಣಕಾಲು ಇನ್ನೊಂದು ಕಡೆ. ನಾನು ಜಾಬ್ರಿಯಾದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅಂಥ ಮೊಣಕಾಲುಗಳನ್ನು ದಿನಾ ಮುಟ್ಟುವವಳು.

"ನೋಡಿದ್ರಾ? ಅವ ಬಿದ್ರೂ ಪಿಕ್ಚರ್ ಒಂಚೂರೂ ಅಲ್ಲಾಡ್ಲಿಲ್ಲ. ಸ್ಲೋ ಮೋಷನ್ನಲ್ಲಿ ಇನ್ನೂ ಚಂದ ಉಂಟು." ಅವನು ಮತ್ತೆ ಹಾಕಿದ. ಮೊಣಕಾಲು ಈಗ ನಿಧಾನವಾಗಿ ತಿರುಚಿಕೊಂಡಿತು.

"ಸೂಪರ್!" ಅಂದರು ನನ್ನ ಗಂಡ.

"ತೆಗೀತಿದ್ದೋನು ಹೋಗಿ ಅವನನ್ನ ಎತ್ತಿದ್ನಾ?" ಎಂದು ಕೇಳಿದೆ.

ಅಂಗಡಿಯವನು ಗೊಂದಲದಿಂದ ನಕ್ಕ. "ಅದು ಡೆಮೊ ಅಲ್ವಾ ಮೇಡಂ."

ಅದನ್ನೇ ಕೊಂಡೆವು.

ಜಾರ್ಜಿಯಾದಲ್ಲಿ ಮಗಳು ಬೇಗ ಕಲಿತಳು. ಮಕ್ಕಳ ಇಳಿಜಾರಿನಲ್ಲಿ ಅವಳು ಜಾರಿ ಬರುವಾಗ ಅವಳಪ್ಪ ಕೋಲು ಚಾಚಿಕೊಂಡು ಪಕ್ಕದಲ್ಲೇ ಓಡುತ್ತಿದ್ದರು. "ಇನ್ನೂ ಫಾಸ್ಟ್! ಕೈ ಮೇಲೆತ್ತು!" ಅವಳು ಕೈ ಎತ್ತಿದಳು, ಆಯ ತಪ್ಪಿ ಇಳಿಜಾರಿನ ಅಂಚಿಗೆ ಕಟ್ಟಿದ್ದ ಬಲೆಗೆ ಹೋಗಿ ಬಡಿದು ಮುಖ ಅಡಿಯಾಗಿ ಬಿದ್ದಳು. ಇವರು ಎತ್ತಲಿಲ್ಲ. ಕೋಲು ಹಿಡಿದು ಅವಳ ಸುತ್ತ ಒಂದು ಸುತ್ತು ಬಂದರು. ನಾನು ಮೊಣಕಾಲುದ್ದ ಹಿಮದಲ್ಲಿ ಹೂತುಕೊಳ್ಳುತ್ತಾ ಓಡಿದೆ.

"ಒಂದ್ನಿಮಿಷ ಇರೇ, ನೀನು ಅಡ್ಡ ಬರ್ತಿದೀಯ!"

ಅವಳನ್ನು ಮಗ್ಗುಲಿಗೆ ತಿರುಗಿಸಿದಾಗ ತುಟಿ ಒಡೆದಿತ್ತು. ಹಿಮದ ಮೇಲೆ ರಕ್ತ ಬಿದ್ದಿತ್ತು. ಮಣಿಕಟ್ಟು ಆಗಲೇ ಊದುತ್ತಿತ್ತು.

ಕುವೈತಿಗೆ ಮರಳಿದ ಮೇಲೆ ಒಂದು ಶುಕ್ರವಾರ ಗಂಡನ ಸಹೋದ್ಯೋಗಿಯ ಮನೆಯಲ್ಲಿ ಊಟವಿತ್ತು. ಇವರು ದೊಡ್ಡ ಟಿವಿಯಲ್ಲಿ ಆ ವಿಡಿಯೊ ಹಾಕಿದರು. ತಮಾಷೆಯ ಸಂಗೀತ ಬೇರೆ ಸೇರಿಸಿದ್ದರು. ಮಗಳು ಬಿದ್ದೊಡನೆ ಡೊಳ್ಳಿನ ಸದ್ದು. ಬಿರಿಯಾನಿ ತುಂಬಿದ ಬಾಯಿಗಳೆಲ್ಲ ಒಮ್ಮೆಲೇ ತೆರೆದು ನಕ್ಕವು. ಒಬ್ಬರ ಗಲ್ಲದ ಮೇಲೆ ಅನ್ನದ ಅಗುಳು ಅಂಟಿಕೊಂಡೇ ಇತ್ತು.

"ಇನ್ನೊಂದ್ಸಲ ಹಾಕ್ರೀ!" ಅಂದರು ಅವರು.

"ಸ್ಲೋ ಮೋಷನ್ನಲ್ಲಿ ನೋಡಿ," ಎಂದು ಇವರು ಎದ್ದು ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು. "ಆ ಕೆಂಪು ನೋಡಿ, ಬಿಳಿ ಮೇಲೆ ಎಷ್ಟು ಕ್ಲಿಯರ್ ಆಗಿ ಬಂದಿದೆ! ಕ್ಯಾಮೆರಾ ಅಂದ್ರೆ ಇದು."

ಅದು ನನ್ನ ಮಗಳ ರಕ್ತ. ಅವಳು ತಟ್ಟೆ ಕೆಳಗಿಟ್ಟು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಎದ್ದು ಟಿವಿಯ ಪ್ಲಗ್ ಕಿತ್ತೆ. ಬಾಯಲ್ಲಿದ್ದ ತುತ್ತನ್ನು ನುಂಗಲಾಗದೆ ಕರವಸ್ತ್ರಕ್ಕೆ ಉಗುಳಿದೆ.

ಕಾರಿನಲ್ಲಿ ಇವರು ಸಿಡುಕಿದರು. "ಎಲ್ಲರೆದುರು ಹಾಗಾ ಮಾಡೋದು? ಅವಳೇ ಏನೂ ಅಂದುಕೊಂಡಿಲ್ಲ."

ಹಿಂದಿನ ಸೀಟಿನಿಂದ ಮಗಳು ಹೇಳಿದಳು: "ಯೂ ವರ್ ರೈಟ್ ದೇರ್, ಅಪ್ಪ. ಪಕ್ಕದಲ್ಲೇ ಇದ್ರಿ."

ಮನೆ ತಲುಪಿದ ಮೇಲೆ ಅವರು ಸೋಫಾದಲ್ಲಿ ಕೂತು, ತಲೆ ತಗ್ಗಿಸಿ, ಫೋನಿನಿಂದಲೂ ಕ್ಯಾಮೆರಾದಿಂದಲೂ ವಿಡಿಯೊ ಅಳಿಸಿಹಾಕಿದರು. ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ಅವರ ಕೈ ಬಡಿಸಿದ್ದನ್ನು ತಿನ್ನಲೂ ಕೆಲವು ದಿನ ಹೇಸಿಗೆಯಾಗುತ್ತಿತ್ತು.

ಅಷ್ಟರಲ್ಲಿ, ಇವರು ಮೊದಲೇ ಗೆಳೆಯರಿಗೆ ಕಳಿಸಿದ್ದ ಆ ವಿಡಿಯೊ ಯಾವ್ಯಾವ ವಾಟ್ಸಾಪ್ ಗುಂಪುಗಳಿಗೆ ಹೋಗಿತ್ತೋ. ಒಂದು ಮಧ್ಯಾಹ್ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಜೊತೆಯ ನರ್ಸ್ ಒಬ್ಬಳು, ಯಾರ ಮಗುವೋ ಏನೋ, ಹೇಗೆ ಬೀಳುತ್ತೆ ನೋಡು ಎಂದು ನಗುತ್ತಾ ಫೋನನ್ನು ನನ್ನ ಮುಂದೆ ಹಿಡಿದಳು. ನನ್ನ ಮಗಳು ಎಂದೆ. ಅವಳ ಮುಖ ಕಪ್ಪಿಟ್ಟಿತು. ಸಾರಿ, ಸಾರಿ ಎನ್ನುತ್ತಲೇ ಇದ್ದಳು. ಅವಳ ಹೆಬ್ಬೆರಳು ಮಾತ್ರ ಆಗಲೇ ಮುಂದಿನ ವಿಡಿಯೊಗೆ ಸರಿದಿತ್ತು.